ಬಾಗಿಲ ಮುಂದಿನ ಬೇವು

ಬಳ್ಳಾರಿ
ವಿಕಾರಿ ಸಂವತ್ಸರ, ಚೈತ್ರ ಶುದ್ಧ ಚೌತಿ
೧೮೯೯ನೇ ಇಸವಿ ಏಪ್ರಿಲ್ ೧೪

ಕುರುಗೋಡಿನ ಬಸವೇಶ್ವರನ ಗುಡಿಯ ಆಸರೆಯಲ್ಲಿ ಹೋಗಿ ಕುಳಿತಿರುವ ನನ್ನ ಬಾಲ್ಯದ ಗೆಳೆಯ ದೊಡ್ಡಬಸಪ್ಪನಿಗೆ ಜಯತೀರ್ಥನ ನಮಸ್ಕಾರ.

ಬಸಣ್ಣಾ, ಎರಡೂ ಕಡೆಯ ಕ್ಷೇಮ ಬರೆಯುವ ಪದ್ಧತಿಯನ್ನು ಈ ಸಲ ಅರ್ಧಕ್ಕೇ ಬಿಡುತ್ತೇನೆ. ನೀನು ಆರೋಗ್ಯವಾಗಿದ್ದೀಯೆಂದು ನಿನ್ನ ಹತ್ತಿಯ ಬಂಡಿಯವರು ಹೇಳಿದರು. ನನ್ನ ಕ್ಷೇಮ ಎಷ್ಟರದೆಂದು ನಿನಗೆ ತಿಳಿಯದ್ದಲ್ಲ.

ಮೊನ್ನೆ ಯುಗಾದಿ. ನನ್ನ ಮನೆಯವಳು ಗಿರಿಜಾಬಾಯಿ ತೀರಿಹೋದ ವರ್ಷವಾದ್ದರಿಂದ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಆದರೂ ಬೆಳಗ್ಗೆ ಎದ್ದವನು ಅಭ್ಯಾಸಬಲದಿಂದ ಬೇವಿನ ಹೂವಿಗೆಂದು ಬಾಗಿಲು ತೆರೆದು ಹೊರಗೆ ಬಂದೆ. ಇಪ್ಪತ್ತು ವರ್ಷ ಮರ ನಿಂತಿದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು. ಆ ಬುಡದ ಮೇಲೆ ಕುಳಿತೇ ನಾನು ಮತ್ತೊಮ್ಮೆ ನಿಶ್ಚಯಿಸಿದೆ: ಈ ಮರ ಕಡಿದವನನ್ನು ಬಿಡಬಾರದು. ಆ ದಿನ ಹೊತ್ತು ಮುಳುಗುವುದರೊಳಗೆ ಅವನು ಯಾರೆಂದು ನನಗೆ ತಿಳಿಯಿತು. ನೀನು.

ಕೋಪದಿಂದ ಬರೆಯುತ್ತಿದ್ದೇನೆಂದು ಕಾಗದವನ್ನು ಮಡಿಸಿ ಇಡಬೇಡ. ಕೋಪವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಪೂರ್ತಿ ಓದು.

ಇಪ್ಪತ್ತೆರಡು ವರ್ಷದ ಹಿಂದಿನ ಧಾತು ಬರದಲ್ಲಿ ಈ ಊರಿನ ಮರಗಳ ಗತಿ ಏನಾಯಿತೆಂದು ನಮ್ಮಿಬ್ಬರಿಗಿಂತ ಚೆನ್ನಾಗಿ ನೆನಪಿರುವವರು ಈಗ ಕಡಿಮೆ. ಎಲೆ ದನಗಳ ಹೊಟ್ಟೆಗೆ ಹೋಯಿತು. ಆಮೇಲೆ ಎಲೆಯೂ ತೊಗಟೆಯೂ ಮನುಷ್ಯರ ಹೊಟ್ಟೆಗೆ ಹೋದವು. ಉಳಿದ ಬೊಡ್ಡೆಗಳನ್ನು ಇಟ್ಟಿಗೆಯ ಗೂಡಿನವರು ಬಂಡಿಗಟ್ಟಲೆ ಒಯ್ದರು. ಮಳೆ ಬಂದು ಜನ ಊರಿಗೆ ತಿರುಗಿದಾಗ ಕೋಟೆಯ ಗುಡ್ಡದಿಂದ ಬ್ರೂಸ್‌ಪೇಟೆಯವರೆಗೆ ಒಂದು ಕತ್ತೆ ನಿಲ್ಲುವಷ್ಟು ನೆರಳಿರಲಿಲ್ಲ. ಸುಡುವ ಬಂಡೆಗಳ ನಡುವಿನ ಈ ಊರಿಗೆ ನೆರಳೆಂದರೆ ಅನ್ನವಿದ್ದ ಹಾಗೆ ಎಂದು ನಾನು ಮುನಿಸಿಪಾಲಿಟಿಯ ಸಭೆಯಲ್ಲಿ ಮಾತಾಡಿದೆ. ನೀನು ಮಾತಾಡಲಿಲ್ಲ. ನಿನ್ನ ಎರಡು ಬಂಡಿಗಳಲ್ಲಿ ಸಸಿ ತುಂಬಿಕೊಂಡು ಬಂದು ನಿಲ್ಲಿಸಿದೆ.

ಮರಗಳ ಸಮಿತಿ ಹುಟ್ಟಿದ್ದು ಹಾಗೆ. ಸಸಿಯ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಬೇಕು, ಯಾರ ಬಾಗಿಲ ಮುಂದೆ ಸಸಿ ಇದೆಯೋ ಆ ಮನೆಯವರು ದಿನಾ ಒಂದು ಕೊಡ ನೀರು ಹಾಕಬೇಕು, ಬೆಳೆದ ಮರಕ್ಕೆ ಟಾರಿನಿಂದ ನಂಬರು ಬರೆಯಬೇಕು. ಉದುರಿದ್ದು ಮನೆಯವರದು, ನಿಂತದ್ದು ಊರಿನದು. ಹಸಿ ಮರಕ್ಕೆ ಕೊಡಲಿ ಇಲ್ಲ, ಮದುವೆಯ ಹಂದರಕ್ಕೂ ಇಲ್ಲ, ದೇವರ ಕೆಲಸಕ್ಕೂ ಇಲ್ಲ, ಹೆಣ ಸುಡುವುದಕ್ಕೂ ಇಲ್ಲ. ಕಡಿದವನು, ಕಡಿಸಿದವನು, ಮತ್ತೆಂದೂ ಮರಗಳ ಸಮಿತಿಯಲ್ಲಿ ಕೂಡುವಂತಿಲ್ಲ. ಇದೆಲ್ಲ ನನ್ನ ಕೈಬರಹ. ಕೊನೆಯ ಮಾತು ಬರೆಯುವಾಗ ನೀನು ನಕ್ಕು ಅಂದದ್ದು ನನಗೆ ನಿನ್ನೆಯಷ್ಟು ಹತ್ತಿರವಾಗಿದೆ:

‘ಲೇ ಆಚಾರಿ, ನಮ್ಮೋರು ಸತ್ರ ಒಂದು ಕಡ್ಡಿ ಬ್ಯಾಡ, ಕುಂಡ್ರಿಸಿ ಮಣ್ಣು ಕೊಡ್ತೀವಿ. ಕಟ್ಟಿಗಿ ಬೇಕಾಗೋದು ನಿಮ್ಮೋರಿಗೆ. ನೀನ ಬರೀತೀಯಲ್ಲ, ನಾಳೆ ನಿನಗ ಬೇಕಾದ್ರ?’

ಕಟ್ಟಿಗೆ ಬೇಕಾಗುವವನೇ ಬರೆದರೆ ಊರು ನಂಬುತ್ತದೆ ಎಂದು ನಾನು ಎದೆಯುಬ್ಬಿಸಿ ಹೇಳಿದ್ದೆ. ನಂಬಿತು ಕೂಡ. ನಮ್ಮ ಬೀದಿಯ ವಕೀಲರ ತಂದೆ ತೀರಿಕೊಂಡಾಗ, ಮಳೆಗಾಲ, ಕಟ್ಟಿಗೆ ಮಾರುವ ಅಡ್ಡೆಯಲ್ಲಿ ಒಣಗಿದ್ದು ಇಲ್ಲ, ರಸ್ತೆಯ ಒಂದು ಮಾವು ಕೊಡಿರೆಂದು ಅವರು ಬಂದು ಕೈಮುಗಿದರು. ನಾನು ಕೊಡಲಿಲ್ಲ. ಸಿರುಗುಪ್ಪದ ಕಡೆಯ ಕರೂರಿನಿಂದ ಜಾಲಿಯ ದಿಮ್ಮಿ ಬರುವವರೆಗೆ ಹೆಣ ಅಂಗಳದಲ್ಲೇ ಇತ್ತು. ಅಂದಿನಿಂದ ಯಾರೂ ಕೇಳಲಿಲ್ಲ.

ಗಿರಿಜೆಗೆ ಆ ಬೇವಿನ ಮೇಲೆ ನನಗಿಂತ ಹೆಚ್ಚಿನ ಹಕ್ಕಿತ್ತು. ಬಾವಿ ಬತ್ತಿ ಕೆಸರಾದ ಬೇಸಗೆಗಳಲ್ಲಿ ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಕೂಡಿಸಿ ಅದರ ಬುಡಕ್ಕೆ ಹಾಕುತ್ತಿದ್ದಳು. ‘ರೂಲು ಬರಿಯೋರು ನೀವು, ನೀರು ಹೊರೋಳು ನಾನು’ ಎಂದು ನಿನ್ನೆದುರಿಗೇ ಎಷ್ಟೋ ಸಲ ನನ್ನನ್ನು ಹಂಗಿಸಿದ್ದಳು. ಮಗಳು ಅಂಬುಜೆಗೆ ಸಿಡುಬಾಗಿ ಮೈಮೇಲೆ ಅಮ್ಮ ಎದ್ದಾಗ ಹಾಸಿಗೆಗೆ ಹಾಸಲೆಂದು ಅವಳು ಒಂದು ಹಿಡಿ ಸೊಪ್ಪು ಕಿತ್ತಳು. ನಾನು ಬೀದಿಯವರೆಲ್ಲ ಕೇಳುವ ಹಾಗೆ ಗದರಿದೆ. ಆಮೇಲೆ ಅವಳು ಕೀಳಲಿಲ್ಲ. ಮರದ ಕೆಳಗೆ ಹಳೆಯ ಸೀರೆ ಹಾಸಿ, ಗಾಳಿ ಬೀಸಲೆಂದು ಕಾಯುತ್ತ ಕುಳಿತಿದ್ದಳು. ಅದನ್ನು ನೋಡಿ ಎದ್ದು ಹೋದದ್ದು ನೀನು. ನಿನಗೆ ತಂಗಿಯಿಲ್ಲ, ಅವಳನ್ನೇ ತಂಗಿ ಎನ್ನುತ್ತಿದ್ದೆ.

ಈಗ ಪ್ಲೇಗಿನ ಮಾತು. ಊರಲ್ಲಿ ಇಲಿ ಬೀಳತೊಡಗಿದಾಗ ಅಂಬುಜೆಯನ್ನೂ ಅವಳ ಕೂಸನ್ನೂ ಸಿರುಗುಪ್ಪದ ಅವಳ ಅತ್ತೆಯ ಮನೆಗೆ ಬಿಟ್ಟುಬರಲು ನಾನು ಹೋದೆ. ಗಿರಿಜೆ ಬರಲಿಲ್ಲ. ಮನೆಗೆ ಬೀಗ ಬಿದ್ದರೆ ಸೋಂಕಿನ ಮನೆಯೆಂದು ಒಡೆದು ಸುಣ್ಣ ಹೊಡೆಯುತ್ತಾರೆ, ದೇವರ ಪೆಟ್ಟಿಗೆ ಬೀದಿಗೆ ಬೀಳುತ್ತದೆ ಎಂಬ ಹೆದರಿಕೆ ಅವಳಿಗೆ. ತಿರುಗಿ ಬರುವಾಗ, ಸೋಂಕು ಇಲ್ಲವೆಂದು ಖಾತ್ರಿಯಾಗುವವರೆಗೆ, ನನ್ನನ್ನು ಊರ ಹೊರಗಿನ ಗುಡಿಸಲುಗಳಲ್ಲಿ ಇಳಿಸಿಕೊಂಡರು. ಸುತ್ತ ಜಾಲಿಮುಳ್ಳಿನ ಬೇಲಿ. ಒಳಗಿದ್ದವನು ಹೊರಗೆ ಬರುವಂತಿಲ್ಲ. ನಮ್ಮ ಬೀದಿ ಅಲ್ಲಿಂದ ಕೂಗಳತೆ.

ಒಂದು ಸಂಜೆ ನೀನು ಬೇಲಿಯಾಚೆ ಬಂದು ನಿಂತೆ. ಕೈಯೆರಡನ್ನೂ ಹೊದ್ದ ಶಾಲಿನೊಳಗೆ ಇಟ್ಟುಕೊಂಡಿದ್ದೆ. ಬಿಸಿಲು ಇನ್ನೂ ಇಳಿದಿರಲಿಲ್ಲ, ಈ ಮನುಷ್ಯನಿಗೆ ಶಾಲೇಕೆ ಎಂದು ನನಗೆ ಒಂದು ಕ್ಷಣ ಅನಿಸಿತು. ನೀನು ಹೇಳಿದ್ದು ಇಷ್ಟೆ: ‘ತಂಗಿ ಹೋದ್ಳು, ಆಚಾರಿ. ನಿಮ್ಮ ಪದ್ಧತಿ ಪ್ರಕಾರ ಎಲ್ಲಾ ಆತು. ವೆಂಕಟೇಶ ಬೆಂಕಿ ಕೊಟ್ಟ.’ ಅವಳ ತಮ್ಮ ವೆಂಕಟೇಶ ಊರಲ್ಲಿದ್ದದ್ದು ಪುಣ್ಯ ಎಂದುಕೊಂಡೆ. ನಾನು ಅಳುವುದು ಮುಗಿಯುವವರೆಗೆ ನೀನು ನಿಂತಿದ್ದೆ. ಕಣ್ಣೊರೆಸಿಕೊಳ್ಳಲು ಕೂಡ ನೀನು ಕೈ ಹೊರಗೆ ತೆಗೆಯಲಿಲ್ಲ. ಮರುದಿನ ನೀನು ಕುರುಗೋಡಿಗೆ ಹೋದೆ ಎಂದು ಕೇಳಿದೆ. ಹೆದರಿ ಓಡಿದ ಎಂದುಕೊಂಡೆ. ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೂ ಕ್ಷಮೆ ಕೇಳಬೇಕಾದರೆ ಕೇಳುತ್ತೇನೆ.

ಬಿಡುಗಡೆಯಾಗಿ ಮನೆಗೆ ಬಂದೆ. ಮನೆಯಲ್ಲಿ ಅವಳಿಲ್ಲ, ಬಾಗಿಲಲ್ಲಿ ಮರವಿಲ್ಲ. ಬಸಣ್ಣಾ, ಹೆಂಡತಿಯನ್ನು ಒಯ್ದವನ ಮೇಲೆ ಅರ್ಜಿ ಬರೆಯಲು ಬರುವುದಿಲ್ಲ. ಮರ ಒಯ್ದವನ ಮೇಲೆ ಬರೆಯಬಹುದು. ಬರೆದೆ. ಇಂಗ್ಲಿಷಿನಲ್ಲಿ ಬರೆದೆ, ಕನ್ನಡದಲ್ಲಿ ಬರೆದೆ. ನೋಡುವವರಿಲ್ಲದ ಹೊತ್ತು ನೋಡಿ ಊರಿನ ಸ್ವತ್ತನ್ನು ಕದ್ದ ನೀಚ ಎಂದು ಬರೆದೆ. ಮಾರುಕಟ್ಟೆಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಕೇಳಿದೆ. ಎಲ್ಲರೂ ತಲೆ ತಗ್ಗಿಸಿ ದಾಟಿಹೋದರು. ವೆಂಕಟೇಶನೂ ಕಳ್ಳರು ಇರಬೇಕೆಂದ. ಕಳ್ಳರಿಗೆ ಹೆದರಿದ ಊರು ಎಂದು ಅದನ್ನೂ ಅರ್ಜಿಯಲ್ಲಿ ಸೇರಿಸಿದೆ.

ಕಡೆಗೆ ನನ್ನ ಅರ್ಜಿ ಬಿದ್ದದ್ದು ಸುಂಕಣ್ಣನ ಮೇಲೆ. ಮರಗಳ ಕಾವಲಿನವನು ಅವನೇ ತಾನೆ, ಕಡಿದವನ ಹೆಸರು ಹೇಳಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ಸಭೆಯವರು ಅಂದರು. ಅವನು ಬಾಯಿ ಬಿಡಲಿಲ್ಲ.

ಯುಗಾದಿಯ ಸಂಜೆ ಅವನ ಹೆಂಡತಿ ಪಕ್ಕೀರಮ್ಮ ಬಂದು ಆ ಬುಡದ ಹತ್ತಿರ ನಿಂತಳು. ಗಂಡನ ಪರವಾಗಿ ಬೇಡಿಕೊಳ್ಳಲು ಬಂದಳೆಂದು ನಾನು ನನ್ನ ರೂಲು ಶುರು ಮಾಡಿದೆ. ಅವಳು ಕೇಳಿಸಿಕೊಂಡು, ಸೆರಗು ಬಿಗಿದು ಹೇಳಿದಳು:

‘ಆ ಮರ ಎಲ್ಲಿಗೆ ಹೋತಂತ ಊರಿಗೆಲ್ಲಾ ಗೊತ್ತೈತ್ರೀ ಸಾಮಿ. ನಿಮಗೊಬ್ಬರಿಗೆ ಗೊತ್ತಿಲ್ಲ. ಅವ್ವಾರಿಗೆ ಹೋತ್ರಿ.’

ಉಳಿದದ್ದನ್ನು ಅವಳ ಬಾಯಿಂದಲೇ ಕೇಳಿದೆ. ಗಿರಿಜೆ ಹೋದ ದಿನ ಅಡ್ಡೆಯವರು ಊರು ಬಿಟ್ಟಿದ್ದರು, ಊರಿನಲ್ಲಿ ಒಣಕಟ್ಟಿಗೆ ಹುಟ್ಟಲಿಲ್ಲ. ಸಂಜೆಯೊಳಗೆ ಸುಡದಿದ್ದರೆ ಗಾಡಿ ಬಂದು ಹೆಣವನ್ನು ಸುಣ್ಣದ ಗುಂಡಿಗೆ ಒಯ್ಯುವುದಿತ್ತು, ಉಳಿದ ಹೆಣಗಳ ಜೊತೆಗೆ. ವೆಂಕಟೇಶ ನಿನ್ನ ಅಂಗಡಿಗೆ ಓಡಿಬಂದ. ಬೇಲಿಯ ಹತ್ತಿರ ಹೋಗಿ ಭಾವನನ್ನು ಕೇಳೋಣವೇ ಎಂದನಂತೆ. ನೀನು, ಅವನನ್ನು ಕೇಳಬೇಡ, ಅವನ ಬಾಯಲ್ಲಿ ಬೇಡ ಅನ್ನಿಸುವ ಪಾಪ ನಮಗೆ ಬೇಡ ಅಂದೆಯಂತೆ. ಸುಂಕಣ್ಣನ ಕೈಗೆ ಕೊಡಲಿ ಕೊಟ್ಟರೆ ಅವನ ಕೈ ಏಳಲಿಲ್ಲ, ಸಸಿಯಿದ್ದಾಗಿನಿಂದ ಕಾದ ಮರ. ಆಗ ನೀನು ಅಂಗಿ ತೆಗೆದೆ. ತಕ್ಕಡಿ ಬಿಟ್ಟು ಬೇರೇನೂ ಹಿಡಿಯದ ಕೈಗಳಿಂದ ಮರ ಉರುಳುವವರೆಗೆ ಕಡಿದೆ. ಹಸಿ ಬೇವು ಹೊತ್ತುವುದಿಲ್ಲವೆಂದು ಅಡಿಯಲ್ಲಿ ನಿನ್ನ ಹಿತ್ತಲಿನ ಹತ್ತಿಕಟ್ಟಿಗೆಯನ್ನೆಲ್ಲ ಒಟ್ಟಿದೆ, ಅಂಗಡಿಯ ಔಡಲೆಣ್ಣೆ ಸುರಿದೆ. ಬಹಳ ಹೊಗೆಯಾಯಿತಂತೆ. ಆ ಹೊಗೆಯನ್ನು ನಾನು ಬೇಲಿಯೊಳಗಿಂದ ನೋಡಿದ್ದೆ, ಬಸಣ್ಣಾ. ಯಾರದೋ ಮನೆ ಸುಡುತ್ತಿದ್ದಾರೆ ಎಂದು ಪಕ್ಕದವನಿಗೆ ಹೇಳಿದ್ದೆ.

ಶಾಲಿನೊಳಗಿನ ನಿನ್ನ ಕೈಗಳು ಈಗ ನನಗೆ ಕಾಣುತ್ತಿವೆ.

ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ? ಇದಕ್ಕೆ ಉತ್ತರವನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದ್ದೇನೆ. ನೀನು ಕೇಳದೆ ಇದ್ದದ್ದೇ ಉತ್ತರ. ಇಷ್ಟು ವರ್ಷ ನೋಡಿದವನು ನೀನು, ನಿನಗೆ ಗೊತ್ತಿತ್ತು. ಆದರೂ ನೀನು ತಪ್ಪು ಮಾಡಿದೆ ಎಂದೇ ನಾನು ಹೇಳುವುದು. ಆ ತಪ್ಪಿಲ್ಲದಿದ್ದರೆ ಇಂದು ನಾನು ಸುಣ್ಣದ ಗುಂಡಿಯ ಅಂಚಿನಲ್ಲಿ ನಿಂತು, ಯಾವ ಮೂಲೆಯಲ್ಲಿದ್ದೀಯೇ ಎಂದು ಅವಳನ್ನು ಕೇಳುತ್ತಿದ್ದೆ. ಎರಡೂ ನಿಜ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳುವುದು ಹೇಗೆಂದು ನಾನು ಓದಿದ ಯಾವ ಪುಸ್ತಕವೂ ಹೇಳಿಕೊಡಲಿಲ್ಲ.

ನಿನ್ನೆ ಸಭೆ ಕೂಡಿತು. ಸುಂಕಣ್ಣನನ್ನು ಕರೆಸಿ ಕಡೆಯ ಸಲ ಕೇಳಿದರು. ಅವನು ನೆಲ ನೋಡುತ್ತ ನಿಂತ. ನಾನು ಎದ್ದು, ಮರ ಕಡಿಸಿದವನು ನಾನು ಎಂದೆ. ನನ್ನ ಮನೆಯವಳಿಗಾಗಿ, ನನ್ನ ಒಪ್ಪಿಗೆಯಿಂದ, ಎಂದೆ. ಆ ದಿನ ನಾನು ಬೇಲಿಯೊಳಗಿದ್ದದ್ದು ಅಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಚೇರ್ಮನ್ನರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಹಾಗೆಯೇ ಬರೆದುಕೊಳ್ಳಿ ಎಂದು ಗುಮಾಸ್ತನಿಗೆ ಹೇಳಿದರು. ನಾನು ಕದ್ದವನನ್ನು ನೀಚ ಎಂದು ಬರೆದ ಅರ್ಜಿ ಅಲ್ಲೇ ಮೇಜಿನ ಮೇಲಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಸುಂಕಣ್ಣ ಹೊರಗೆ ಹೋಗಿ ಗೋಡೆಗೆ ಒರಗಿ ಕುಳಿತ. ಅವನ ಕೆಲಸ ಉಳಿಯಿತು. ನನ್ನ ರೂಲಿನ ಪ್ರಕಾರ ಸಮಿತಿಯಲ್ಲಿ ನನ್ನ ಜಾಗ ಹೋಯಿತು.

ಆ ಜಾಗ ಖಾಲಿ ಇದೆ. ಕುರುಗೋಡಿನಲ್ಲಿ ಕುಳಿತದ್ದು ಸಾಕು, ಬಂದು ಕೂಡು. ನಿನ್ನ ಹೆಸರು ಎಲ್ಲಿಯೂ ಬರೆದಿಲ್ಲ. ಒಂದೇ ಮಾತು ಬೇಡುತ್ತೇನೆ. ಮರುಕ ಬಂದು ಆ ರೂಲನ್ನು ಸಡಿಲ ಮಾಡಬೇಡ. ಒಂದು ಹೆಣಕ್ಕೆ ಕೊಟ್ಟರೆ ಎಲ್ಲ ಹೆಣಕ್ಕೂ ಕೊಡಬೇಕು, ಮುಂದಿನ ಪ್ಲೇಗಿಗೆ ಊರು ಮತ್ತೆ ಬೋಳಾಗುತ್ತದೆ. ಬೀದಿಯ ಉಳಿದ ಬೇವುಗಳು ಈಗ ಹೂವಾಗಿವೆ. ಅವುಗಳಡಿಯಲ್ಲಿ ಯಾರ ಮನೆಯವರೂ ಸೀರೆ ಹಾಸಿಲ್ಲ.

ನೀನು ಬಂದರೆ ನಿನ್ನ ಕೈ ನೋಡಬೇಕು.

ಇಂತು ನಿನ್ನ,
ಜಯತೀರ್ಥ

ತಾ. ಕ. — ಹಿತ್ತಲಲ್ಲಿ ದನದ ಕೊಟ್ಟಿಗೆಯ ಪಕ್ಕ ಒಣ ಜಾಲಿ ಒಟ್ಟಲು ಶುರುಮಾಡಿದ್ದೇನೆ. ಬೀದಿಯಲ್ಲಿ ಉದುರಿದ ಟೊಂಗೆ ಕಂಡರೆ ಅದನ್ನೂ ತಂದು ಹಾಕುತ್ತೇನೆ. ಅಡಿಗೆಗೆ ಮುಟ್ಟಬಾರದೆಂದು ವೆಂಕಟೇಶನ ಹೆಂಡತಿಗೆ ಹೇಳಿದ್ದೇನೆ. ಒಬ್ಬನಿಗೆ ಸಾಲುವಷ್ಟು ಆಗುತ್ತ ಬಂದಿದೆ. ನನ್ನ ಸರದಿ ಬಂದಾಗ ನೀನು ಅಂಗಿ ತೆಗೆಯಬೇಕಾಗಿಲ್ಲ.