ಬೋಕ್ಯಾನಿಗೆ ಹರಳೆಣ್ಣೆ

ಸಯನ್, ಮುಂಬಯಿ
೨೦ ಸೆಪ್ಟೆಂಬರ್ ೧೯೫೬

ಚಿ. ಸೌ. ಶರಣವ್ವಳಿಗೆ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಪತ್ರ ಶನಿವಾರವೇ ಬಂತು, ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಧಾರವಾಡದಲ್ಲಿ ನಿನ್ನ ಅಣ್ಣನವರೂ ಅವರ ಮಕ್ಕಳೂ ಚೆನ್ನಾಗಿರುವರೆಂದು ನಂಬಿದ್ದೇನೆ.

ನಿನ್ನ ಬೆಕ್ಕು ಬೋಕ್ಯಾ ಮಂಗಳವಾರ ಮಧ್ಯಾಹ್ನ ತೀರಿಕೊಂಡಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೋದ ವಾರ ಬುಧವಾರದಿಂದ ಅದು ಹೊರಕಡೆಗೆಂದು ಇಟ್ಟ ಬೂದಿಯ ತಟ್ಟೆಯಲ್ಲಿ ಕುಳಿತು ತಿಣುಕುತ್ತಿತ್ತು. ಏನೂ ಆಗದೆ ಎದ್ದು ಹೋಗಿ, ಮತ್ತೆ ಬಂದು ಕೂರುತ್ತಿತ್ತು. ಮೇಲಿನ ಮಾಳಿಗೆಯ ದಾನಪ್ಪನವರು ನೋಡಿ, "ಹೊಟ್ಟಿ ಕಟ್ಟೇತ್ರಿ. ಎಮ್ಮಿಗಿರ್ಲಿ, ಬೀಗರಿಗಿರ್ಲಿ, ಹರಳೆಣ್ಣಿ ಹಾಕಿದ್ರ ಮುಗೀತು," ಎಂದರು. ನನಗೂ ಹಾಗೇ ಕಂಡಿತು. ನಮ್ಮ ಮನೆಗಳಲ್ಲಿ ಬೇರೆ ಔಷಧ ಯಾವಾಗ ಇತ್ತು? ಶುಕ್ರವಾರದಿಂದ ಮೂರು ದಿನ ಬೆಳಿಗ್ಗೆ ಒಂದೊಂದು ಚಮಚ ಕುಡಿಸಿದೆ. ಕೈಯೆಲ್ಲ ಪರಚಿತು. ಸೋಮವಾರ ವಾಂತಿ ಮಾಡಿಕೊಂಡು ಮಂಚದ ಕೆಳಗೆ ಬಿದ್ದಿತ್ತು. ಪಕ್ಕದ ಖೋಲಿಯ ನೀಲಾವತಿಯಮ್ಮ ಅದರ ಹೊಟ್ಟೆ ಮುಟ್ಟಿ ನೋಡಿ, "ಎಂತ ಮಾಡಿದ್ರಿ ಮಾರಾಯ್ರೆ! ಇದಕ್ಕೆ ಕಟ್ಟಿದ್ದು ಮೂತ್ರ. ಕಲ್ಲಿನ ಹಾಗೆ ಉಂಟು ನೋಡಿ," ಎಂದು ಬೈದರು.

ಅಂದೇ ಆಫೀಸಿಗೆ ರಜೆ ಹಾಕಿ, ಚೀಲದಲ್ಲಿಟ್ಟುಕೊಂಡು ಲೋಕಲ್‌ನಲ್ಲಿ ದನದ ದವಾಖಾನೆಗೆ ಒಯ್ದೆ. ಡಾಕ್ಟರು ಸಣ್ಣ ನಳಿಕೆ ಹಾಕಿ ಮೂತ್ರ ತೆಗೆದರು, ಅರ್ಧ ರಕ್ತ. ತಡವಾಗಿದೆ, ಮೂತ್ರಪಿಂಡಗಳೆರಡೂ ಕೆಟ್ಟಿವೆ ಎಂದರು. ಎರಡು ದಿನ ಮೊದಲು ತಂದಿದ್ದರೆ ಎಂದು ಕೇಳಿದೆ. ಬಹುಶಃ ಉಳಿಯುತ್ತಿತ್ತು ಎಂದು ಕೈ ತೊಳೆಯುತ್ತಾ ಹೇಳಿದರು. ಆಮೇಲೆ, "ಮನೆಯಲ್ಲಿ ಹೆಂಗಸರಿಲ್ಲವೇ?" ಎಂದರು. ಹೆಂಡತಿ ಊರಿಗೆ ಹೋಗಿದ್ದಾಳೆ ಎಂದೆ. ನಾಲ್ಕು ತಿಂಗಳಿಂದ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ. ನಮ್ಮ ಜಗಳದ ಮಾತು ಯಾರ ಮುಂದೆಯೂ ಎತ್ತಿಲ್ಲ.

ಮರುದಿನ ಹನ್ನೆರಡರ ಹೊತ್ತಿಗೆ ಅದರ ಪ್ರಾಣ ಹೋದ ಮೇಲೆ, ಚಾಳಿನ ಹಿಂದೆ, ಗೋಡೆಯ ಪಕ್ಕ, ದಾನಪ್ಪನವರೇ ಗುಂಡಿ ತೋಡಿದರು. ಅವರು ಅಂದು ತಮಾಷೆಯ ಒಂದು ಮಾತನ್ನೂ ಆಡಲಿಲ್ಲ. ನೀಲಾವತಿಯಮ್ಮ ಅತ್ತರು. ನಾನು ಎರಡು ಗಂಟೆಗೆ ಆಫೀಸಿಗೆ ಹೋದೆ.

ಆರೋಗ್ಯ ನೋಡಿಕೋ. ಮಕ್ಕಳಿಗೆ ನನ್ನ ಆಶೀರ್ವಾದ, ಅಣ್ಣನವರಿಗೆ ಶರಣು ತಿಳಿಸು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ಇಂತಿ,
ಮುರಿಗೆಪ್ಪ

ತಾ.ಕ.: ಹೋದ ವಾರ ಬುಧವಾರ ಹಾಕಿದ ಕಾರ್ಡಿನಲ್ಲಿ ಬೋಕ್ಯಾ ಚೆನ್ನಾಗಿದೆ ಎಂದು ಬರೆದಿದ್ದೆ. ಬರೆಯುವಾಗ ಅದು ನನ್ನೆದುರಿಗೇ ತಿಣುಕುತ್ತಿತ್ತು. ನಿಜ ಬರೆದಿದ್ದರೆ ನೀನು ಕಾರ್ಡು ತಲುಪಿದ ದಿನವೇ ಗಾಡಿ ಹತ್ತಿ, ಶನಿವಾರ ಬೆಳಿಗ್ಗೆ ಇಲ್ಲಿರುತ್ತಿದ್ದೆ. ಬೆಕ್ಕಿಗಾಗಿ ನೀನು ಬರುವುದು ನನಗೆ ಬೇಡವಾಗಿತ್ತು.