ಅಜ್ಜಿಯ ಪೀಕದಾನಿ

ಮಲವಗೊಪ್ಪ, ಭಾನುವಾರ

ಅಪ್ಪಾಜಿಗೆ ಸೌಂದರ್ಯಳ ಶರಣು.

ನಮ್ಮ ಹೊಸ ವೈನರಿಯ ರೆಡ್ ವೈನನ್ನು ನಿನ್ನೆ ರುಚಿ ನೋಡಲು ತೆಗೆದೆವು. ಇರುವುದೇ ಇನ್ನೂರು ಬಾಟಲಿಯಷ್ಟು. ಹೋದ ವರ್ಷದ್ದೆಲ್ಲ ವಿನೆಗರ್ ಆಗಿತ್ತಲ್ಲ, ಪೀಪಾಯಿಯ ಬಿರಡೆ ಕಿತ್ತು ಮೊದಲು ಮೂಸಿ ನೋಡಿದೆ. ನವುಲೆಯ ಕೃಷಿ ಕಾಲೇಜಿನಿಂದ ಬಂದಿದ್ದ ಮೇಷ್ಟ್ರು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಬಾಯೆಲ್ಲ ಆಡಿಸಿ ನುಂಗಿ, “ಗೆದ್ದೆ ಮಾರಾಯ್ತಿ! ನೇರಳೆ ಹಣ್ಣು ತಿಂದಂಗಿದೆ” ಎಂದರು. ಆಮೇಲೆ ನಾನೂ ಒಂದು ಗುಟುಕು ತೆಗೆದುಕೊಂಡೆ.

“ರುಚಿ ನೋಡು, ಆದ್ರೆ ಒಂದು ಹನಿನೂ ನುಂಗ್ಬೇಡ, ಇದ್ರಲ್ಲೇ ಉಗಿ” ಎಂದು ನೀವು ಕೊಟ್ಟಿದ್ದ ಅಜ್ಜಿಯ ಹಿತ್ತಾಳೆ ಪೀಕದಾನಿಯನ್ನು ಭದ್ರಾವತಿ ಬಸ್ಸಿನಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಎರಡು ವರ್ಷ ನಿಮ್ಮ ಮಾತು ಮೀರಿರಲಿಲ್ಲ. ಅಮ್ಮ ಅದನ್ನು ತೊಳೆಯುವುದು ಬೇಡ. ನಿನ್ನೆ ಅದು ಒದ್ದೆಯಾಗಲೇ ಇಲ್ಲ.

ಈಗಲೂ ನಿಮ್ಮ ಮಗಳು,
ಸೌಂದರ್ಯ