ಬೋರಿನಲ್ಲಿ ನೀರಿತ್ತು, ಉಸ್ತಾದ್

ನನ್ನ ಉಸ್ತಾದರಿಗೆ,

ನೀವು ಇದ್ದಿದ್ದರೆ ಈ ವಿಷಯವನ್ನು ಅಂಗಡಿ ಬಾಗಿಲು ತೆಗೆಯುತ್ತಲೇ ಹೇಳಿಬಿಡುತ್ತಿದ್ದೆ. ನೀವು ಬೈಯುತ್ತಿದ್ದಿರಿ, ನಾನು ಅಳುತ್ತಿದ್ದೆ, ನಿಮ್ಮ ಮನೆಯವರು, ನಮ್ಮ ಚಾಚಿ, ಒಳಗಿನಿಂದ ಟೀ ಕಳಿಸುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಈಗ ಬರೆಯಬೇಕಾಗಿದೆ. ಕಂಪಲಾಪುರದಿಂದ ಐಟಿಐ ಸರ್ಟಿಫಿಕೇಟ್ ಹಿಡಿದುಕೊಂಡು ಬಂದ ಹುಡುಗಿಗೆ ಹುಣಸೂರಿನ ಒಂದು ಮೋಟರ್ ವೈಂಡಿಂಗ್ ಅಂಗಡಿಯಲ್ಲೂ ಜಾಗ ಸಿಗದಿದ್ದಾಗ, ಸ್ಟೂಲು ಎಳೆದು ಕೂರಿಸಿದವರು ನೀವು. ತಪ್ಪು ಮಾಡಿದಾಗ ಮೊದಲು ನಿಮ್ಮ ಮುಂದೆ ಬಂದು ನಿಲ್ಲುವುದೇ ನನಗೆ ಅಭ್ಯಾಸವಾಗಿಬಿಟ್ಟಿದೆ.

ನೆನಪಿದೆಯಾ, ಒಂದು ವರ್ಷ ಶಿವರಾತ್ರಿಗೂ ಮುಂಚೆಯೇ ಸುಟ್ಟ ಮೋಟರುಗಳು ಅಂಗಡಿಯಿಂದ ರಸ್ತೆಯವರೆಗೂ ಸಾಲುಗಟ್ಟಿದ್ದವು? ಮೊದಲೆಲ್ಲ ಯುಗಾದಿ ಕಳೆದ ಮೇಲೆ ಬರುತ್ತಿದ್ದವು ಎಂದು ನೀವೇ ಹೇಳಿದಿರಿ. ಒಂದೊಂದನ್ನೂ ಬಿಚ್ಚಿ, ಕಪ್ಪಾದ ತಾಮ್ರವನ್ನು ಮೂಸಿ, "ಇದು ನೀರಿಲ್ದೆ ಓಡಿರೋದು" ಎಂದು ಪಕ್ಕಕ್ಕೆ ಇಡುತ್ತಿದ್ದಿರಿ. ಹವಾಮಾನ ಬದಲಾವಣೆಯ ಬಗ್ಗೆ ನಾನು ಮೊಬೈಲಿನಲ್ಲಿ ಓದಿ ಹೇಳಿದಾಗ ನಕ್ಕಿರಿ. "ನಂಗೆ ಅದೆಲ್ಲ ಓದಿ ಹೇಳ್ಬ್ಯಾಡಮ್ಮ. ಮಳೆ ಎಲ್ಲೆಲ್ಲಿ ತಪ್ಪಿದೆ ಅಂತ ಈ ಮೋಟರ್‌ಗಳೇ ಹೇಳ್ತವೆ." ಆಮೇಲೆ ಇನ್ನೊಂದು ಮಾತು ಸೇರಿಸಿದಿರಿ. "ಆದ್ರೆ ಎಲ್ಲಾನೂ ಮಳೆ ತಲೆಗೆ ಕಟ್ಬ್ಯಾಡ. ಮಳೇದು ಎಷ್ಟು, ನಮ್ದು ಎಷ್ಟು, ಅದನ್ನ ನೋಡೋದೇ ಮೆಕ್ಯಾನಿಕ್ ಕೆಲ್ಸ." ಕಿವಿಗೆ ಬಿದ್ದಿತ್ತು ಉಸ್ತಾದ್. ಬಿದ್ದಿದ್ದೇನೋ ನಿಜ, ಆದರೆ...

ನಮ್ಮ ಊರಿಗೆ ಪಂಪು ರಿಪೇರಿಗೆ ಬಂದ ದಿನ ನೀವು ನಮ್ಮಪ್ಪನ ಜೊತೆ ವಾದಕ್ಕೆ ಇಳಿದಿದ್ದಿರಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದಲ್ಲಿ ಸೌದೆ ಒಟ್ಟಿತ್ತು, ಹೊಲದಲ್ಲಿ ಹೊಸ ಸೋಲಾರ್ ಪಂಪು ನಿಂತಿತ್ತು. "ಗೌಡ್ರೇ, ಅಲ್ಲಿ ಸೂರ್ಯನ ಕರೆಂಟು, ಇಲ್ಲಿ ಲಾರಿಗಟ್ಲೆ ಮರ. ಯಾವ್ದು ನಿಮ್ದು?" ಎಂದು ನೀವು ಕೇಳಿದಿರಿ. ಅಪ್ಪ, "ಎರಡೂ ನಂದೇ ಕಣ್ರೀ ಸಾಬ್ರೇ, ಸೊಪ್ಪು ಬೇಯಿಸ್ದೆ ಹೊಟ್ಟೆಗೇನ್ ತಿನ್ಲಿ?" ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ನೀವು ಹೇಳಿದ್ದು ಇಷ್ಟೇ: ಸೋಲಾರ್ ಬಂದದ್ದರಿಂದ ರೈತ ಕತ್ತಲಲ್ಲಿ ಮೋಟರ್ ಹಾಕಲು ಹೊಲಕ್ಕೆ ಹೋಗುವುದು ತಪ್ಪಿತು, ಅದೊಂದಕ್ಕೇ ಅದಕ್ಕೆ ಸಲಾಂ; ಆದರೆ ಅದನ್ನು ಹಾಕಿಸಿಕೊಂಡ ಮಾತ್ರಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ. ನಿಮ್ಮನ್ನು ಹೊಸದಕ್ಕೆ ಹೆದರುವ ಮುದುಕ ಎಂದು ನಾನು ಹೇಗೆ ಅಂದುಕೊಂಡೆನೋ?

ಎನ್. ಬೇಗೂರಿನ ಹತ್ತಿರದ ಹಾಡಿಯಿಂದ ಬೊಮ್ಮಿ ನಮ್ಮ ಅಂಗಡಿಗೆ ಬಂದ ಬೆಳಿಗ್ಗೆ ನಿಮಗೂ ಖುಷಿಯಾಗಿತ್ತು. ಕಾಡಂಚಿನ ಆದಿವಾಸಿಗಳ ಹಾಡಿ, ಕೈಪಂಪು ಕೆಟ್ಟು ವರ್ಷಗಳಾಗಿದ್ದವು, ಹಾಡಿಯ ಸಂಘದವರು ಹೇಗೋ ಬೋರಿಗೆ ಸೋಲಾರ್ ಪಂಪು ತಂದಿದ್ದರು. ನೀರಿಲ್ಲದೆ ಓಡಿ ಮೋಟರ್ ಸುಡದ ಹಾಗೆ ಕಾಯುವ ಒಂದು ಡಬ್ಬ ಬೇಕಿತ್ತು. ಆ ಡಬ್ಬವನ್ನು ನಾನು ಮಾಡಿದೆ. ಅದರೊಳಗಿನ ಪ್ರೋಗ್ರಾಂ ಬರೆಯಲು ನನಗೆ ಬರುತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಎಐಗೆ ಕನ್ನಡದಲ್ಲೇ ಕೇಳಿದೆ, ಅದು ಬರೆದುಕೊಟ್ಟಿತು. ಮೋಟರ್ ಎಳೆಯುವ ಕರೆಂಟು ಕಡಿಮೆಯಾದರೆ ಬೋರಿನಲ್ಲಿ ನೀರಿಲ್ಲ ಎಂದು ತಿಳಿದು ಮೋಟರ್ ನಿಲ್ಲಿಸು, ಮರುದಿನದವರೆಗೆ ಬೀಗ ಹಾಕು, ನನ್ನ ಮೊಬೈಲಿಗೆ ಸುದ್ದಿ ಕಳಿಸು. ಬೆಂಚಿನ ಮೇಲೆ ಮೊದಲ ಸಲ ಅದು ಕೆಲಸ ಮಾಡಿದಾಗ ನಾನು ಕುಣಿದೇಬಿಟ್ಟಿದ್ದೆ.

ನೀವು ಕನ್ನಡಕ ಮೇಲೇರಿಸಿ ಆ ಡಬ್ಬವನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. "ಬೀಗ ಇದು ಹಾಕ್ತದೆ, ಸರಿ. ತೆಗಿಯೋದು ಯಾರು?"

"ತಾನೇ ತೆಗೆಯುತ್ತೆ, ಮಾರನೇ ದಿನ."

"ಇದು ತಪ್ಪು ತಿಳ್ಕೊಂಡ್ರೆ? ಅಲ್ಲಿರೋ ಜನ ಏನ್ ಮಾಡ್ಬೇಕು?"

"ತಪ್ಪು ತಿಳಿಯಲ್ಲ ಉಸ್ತಾದ್."

"ಮೋಟರ್‌ಗೂ ನಿಂಗೂ ಮಧ್ಯ ಇದನ್ನ ಕೂರಿಸ್ತಾ ಇದೀಯ. ಒಂದು ಸ್ವಿಚ್ಚಾದ್ರೂ ಇಡು ಬೇಟಾ, ಅವ್ರ ಕೈಗೆ."

ಸ್ವಿಚ್ಚು ಇಟ್ಟರೆ ಯಾರಾದರೂ ಒತ್ತಿ ಮೋಟರ್ ಸುಡುತ್ತಾರೆ ಎಂದೆ. ನೀವು ಮತ್ತೆ ಹೇಳಿದಿರಿ. ನಾನು ಮತ್ತೆ ಬೇಡ ಎಂದೆ. ಮೂರನೇ ಸಲ ನನ್ನ ಬಾಯಿಂದ ಬಂತು: "ನಿಮ್ಮ ಕಾಲ ಮುಗೀತು ಉಸ್ತಾದ್." ನೀವು ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಮೊಳೆಗೆ ನೇತುಹಾಕಿ, ನಮಾಜಿಗೆ ಹೊತ್ತಾಯಿತೆಂದು ಎದ್ದುಹೋದಿರಿ. ಆಮೇಲೂ ನಾವು ಮಾತಾಡಿದೆವು, ಆದರೆ ಕೆಲಸದ ಮಾತು ಮಾತ್ರ. ಮೂರು ವಾರಕ್ಕೆ ನಿಮ್ಮ ಎದೆ ನಿಂತುಹೋಯಿತು. ಅವತ್ತು ನಿಮ್ಮ ಮನೆಯಲ್ಲಿ ಹೆಂಗಸರ ನಡುವೆ ಕೂತಿದ್ದ ನನ್ನ ಬೆನ್ನು ಸವರಿ ಚಾಚಿಯೇ ನನಗೆ ಸಮಾಧಾನ ಹೇಳಿದರು. ನಾನು ಅಂದ ಮಾತು ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ಇವತ್ತಿಗೂ ಇಲ್ಲ.

ಚಳಿಗಾಲವೆಲ್ಲ ಆಕಾಶ ತಿಳಿಯಾಗಿತ್ತು, ಆ ಡಬ್ಬ ಚೆನ್ನಾಗಿ ನಡೆಯಿತು. ಈ ಬೇಸಿಗೆ ಮಾತ್ರ ಬೇರೆ ಥರ ಇತ್ತು. ಒಂದು ಅಡ್ಡಮಳೆಯೂ ಬೀಳಲಿಲ್ಲ. ಪಿರಿಯಾಪಟ್ಟಣದ ಕಡೆಯಿಂದ, ಕೋಟೆ ತಾಲೂಕಿನ ಕಡೆಯಿಂದ ಬೋರು ಬತ್ತಿದ ಸುದ್ದಿ ದಿನವೂ ಬರುತ್ತಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ ಮೊಬೈಲಿನಲ್ಲಿ 'ನೀರಿಲ್ಲ, ಮೋಟರ್ ನಿಲ್ಲಿಸಲಾಗಿದೆ' ಎಂದು ಬಂತು. ಹಿಂದೆಯೇ ಬೊಮ್ಮಿಯ ಫೋನು.

"ಅಕ್ಕ, ನಲ್ಲೀಲಿ ನೀರು ಬರ್ನಿಲ್ಲ ಕಣಕ್ಕ."

"ಬೋರ್ ಬತ್ತಿದೆ ಬೊಮ್ಮಿ. ಎಲ್ಲಾ ಕಡೆ ಅದೇ ಕಥೆ. ಹವಾಮಾನವೇ ಕೆಟ್ಟುಹೋಗಿರುವಾಗ ನಾನೇನ್ ಮಾಡ್ಲಿ?"

"ಬತ್ತೈತೆ ಅಂತ ನೀನು ಬಂದು ನೋಡ್ದಾ?"

"ಇಲ್ಲಿಂದಲೇ ಕಾಣುತ್ತೆ."

ಅವಳು ತಗ್ಗಿದ ದನಿಯಲ್ಲಿ, "ಬೋರಲ್ಲಿ ನೀರಿಲ್ಲ ಅಂತ ಯಾರ್ಗೂ ಯೋಳ್ಬ್ಯಾಡ ಕಣಕ್ಕ. ಹಾಡಿ ಬುಟ್ಟು ಆಚೆ ಓಗಿ ಅನ್ನಾಕೆ ಫಾರೆಸ್ಟ್‌ನೋರ್ಗೆ ಅದೇ ನೆಪ ಆಯ್ತದೆ" ಎಂದಳು. ಸೋಮವಾರ ಬರುತ್ತೇನೆ ಎಂದು ಫೋನಿಟ್ಟೆ. ಮರುದಿನವೂ ಅದೇ ಸುದ್ದಿ ಮೊಬೈಲಿಗೆ ಬಂತು. ನಾನು ನಂಬಿದೆ. ಹುಣಸೂರಿನಲ್ಲಿ ಫ್ಯಾನಿನ ಕೆಳಗೆ ಕೂತು ನಂಬುವುದು ಎಷ್ಟು ಸುಲಭ ಗೊತ್ತಾ?

ಮೂರನೇ ದಿನ ಬೊಮ್ಮಿ ಫೋನಿನಲ್ಲಿ ಏದುಸಿರು ಬಿಡುತ್ತಿದ್ದಳು. ಹಾಡಿಯ ಹೆಂಗಸರು ನೀರಿಗೆ ಹಳ್ಳಕ್ಕೆ ಇಳಿದಿದ್ದರು. ಮರಿ ಇದ್ದ ಆನೆಯೊಂದು ಪೊದೆಯಿಂದ ನುಗ್ಗಿತ್ತು. ಎಲ್ಲರೂ ಓಡಿದರು, ಬೊಮ್ಮಿಯ ಅತ್ತೆ ಕೆಂಪಜ್ಜಿ ಬಂಡೆಯ ಮೇಲೆ ಬಿದ್ದಳು. ಆನೆ ಅವಳನ್ನು ದಾಟಿಕೊಂಡು ಹೋಯಿತು. ಮುಟ್ಟಲಿಲ್ಲ. ಮಣಿಕಟ್ಟಿನ ಮೂಳೆ ಮುರಿದಿತ್ತು, ಜೀಪಿನಲ್ಲಿ ಕೋಟೆ ಆಸ್ಪತ್ರೆಗೆ ಕಳಿಸಿದ್ದರು. ನಾನು ಅಂಗಡಿ ಬಾಗಿಲು ಅರ್ಧ ಎಳೆದು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಕಾಡಿನ ಮೇಲೆ ಹೊಗೆ ಮುಸುಕಿತ್ತು, ಎಲ್ಲೋ ಬೆಂಕಿ ಬಿದ್ದಿತ್ತು. ಆ ಹೊಗೆಯನ್ನು ನೋಡುತ್ತಲೇ ಹೋದೆ. ಅದೇ ಉತ್ತರ ಎಂದು ಹೊಳೆಯಲೇ ಇಲ್ಲ.

ನಾನು ಹಾಡಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಹೆಂಗಸರು ಖಾಲಿ ಕೊಡಗಳನ್ನು ಹಿಡಿದು ಟ್ಯಾಂಕಿನ ಬಳಿ ನಿಂತಿದ್ದರು. ಬೊಮ್ಮಿ ಎದುರಿಗೆ ಬಂದಳು. "ಕುಡಿಯಾಕೂ ನೀರಿಲ್ಲ ಅಕ್ಕ. ನೀನು ಸರಿ ಮಾಡ್ತೀನಿ ಅಂದ್ರೆ ಕಾಯ್ತೀವಿ. ಆಗಾಕಿಲ್ಲ ಅಂದ್ರೆ ಈಗ್ಲೇ ಅಳ್ಳಕ್ಕೆ ಓಗ್ಬೇಕು. ಒತ್ತು ಇಳಿದ್ರೆ ಆನೆ ಮತ್ತೆ ಬತ್ತವೆ." ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕಾಯಿರಿ ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ, ನಿಜವಾಗಿ ಗೊತ್ತಿಲ್ಲ.

ಲ್ಯಾಪ್‌ಟಾಪ್ ತೆರೆದು, ಅಲ್ಲೊಂದು ಇಲ್ಲೊಂದು ಕಡ್ಡಿ ತೋರಿಸುವ ಸಿಗ್ನಲ್ಲಿನಲ್ಲಿ ಎಐಯನ್ನು ಕೇಳಿದೆ. ಸೆನ್ಸರ್ ಕೆಟ್ಟಿರಬಹುದು, ಬದಲಿಸಿ ನೋಡಿ ಎಂದಿತು. ಬದಲಿಸಿದೆ. ಬೀಗ ತೆಗೆದು ಮೋಟರ್ ಹಾಕಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಬೀಗ. ಹಾಗಾದರೆ ಬೋರು ಬತ್ತಿರುವ ಸಾಧ್ಯತೆ ಹೆಚ್ಚು ಎಂದಿತು. ಒಬ್ಬಳು ಕೊಡ ಸೊಂಟಕ್ಕೇರಿಸಿ, "ಇವಳನ್ನ ನಂಬ್ಕೊಂಡ್ರೆ ಆಗಾಕಿಲ್ಲ ಬನ್ರವ್ವ" ಎಂದು ಹಳ್ಳದ ದಾರಿ ಹಿಡಿದಳು. ಬೊಮ್ಮಿ ಓಡಿಹೋಗಿ ಅವಳ ತೋಳು ಹಿಡಿದು ನಿಲ್ಲಿಸಿದಳು. ಉಳಿದದ್ದು ಒಂದೇ ದಾರಿ: ಡಬ್ಬವನ್ನು ಬಿಟ್ಟು ಮೋಟರಿಗೆ ನೇರ ತಂತಿ ಕೊಡುವುದು. ಬೋರಿನಲ್ಲಿ ನಿಜವಾಗಿ ನೀರಿಲ್ಲದಿದ್ದರೆ ಮೋಟರ್ ಸುಡುತ್ತದೆ, ಆಮೇಲೆ ಹಾಡಿಗೆ ಪಂಪೂ ಇಲ್ಲ.

ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟುಕೊಳ್ಳಲು ನೀವು ಕಲಿಸಿದ್ದು ಆಗ ಕೈಗೆ ತಾನಾಗಿ ಬಂತು. ಬೊಮ್ಮಿಗೆ, "ನಾನು ಕೈ ಎತ್ತಿದ ತಕ್ಷಣ ಈ ತಂತಿ ಕಿತ್ತುಬಿಡು" ಎಂದೆ. ರಬ್ಬರ್ ಗ್ಲೌಸು ಅವಳಿಗೆ ತೊಡಿಸಿ ಮೋಟರ್ ಹಾಕಿದೆ. ಮೊದಲು ಬರೀ ಗುಂಯ್ ಎನ್ನುವ ಸದ್ದು. ನೀರಿಲ್ಲದೆ ತಿರುಗಿದರೆ ಆ ಸದ್ದು ಮೇಲೇರುತ್ತಾ ಸಣ್ಣಗೆ ಕಿರುಗುಟ್ಟುತ್ತದೆ ಎಂದಿದ್ದಿರಲ್ಲ? ಅದು ಏರುತ್ತದೆಯೇ ಎಂದು ಕಾದೆ. ಕೈ ಎತ್ತಬೇಕೆನ್ನಿಸಿತು, ಎತ್ತಲಿಲ್ಲ. ಸದ್ದು ಏರಲಿಲ್ಲ. ನಿಧಾನವಾಗಿ ದಪ್ಪವಾಯಿತು, ಪೈಪು ಭಾರವಾಗಿ ನಡುಗಿತು. ಬಹಳ ಹೊತ್ತಿನ ಮೇಲೆ ಟ್ಯಾಂಕಿನೊಳಗೆ ನೀರು ಬಿದ್ದ ಸದ್ದು ಕೇಳಿಸಿತು. ಕೂಗಿದವರು ಯಾರೋ ಗೊತ್ತಿಲ್ಲ, ನಾನಂತೂ ಕಿವಿಯಿಂದ ಸ್ಕ್ರೂಡ್ರೈವರ್ ತೆಗೆಯಲಿಲ್ಲ.

ಬೋರಿನಲ್ಲಿ ನೀರಿತ್ತು, ಉಸ್ತಾದ್. ಮೂರು ದಿನವೂ ಇತ್ತು. ತಲೆಯೆತ್ತಿ ಪ್ಯಾನಲ್ಲು ನೋಡಿದಾಗಲೇ ಹೊಳೆದದ್ದು: ಹೊಗೆಯ ಮುಸುಕಿನಲ್ಲಿ ಅದಕ್ಕೆ ಬಿಸಿಲು ಸಾಲದೆ ಮೋಟರ್ ಮೆಲ್ಲಗೆ ತಿರುಗುತ್ತಿತ್ತು, ಅದಕ್ಕೇ ಕಡಿಮೆ ಕರೆಂಟು ಎಳೆಯುತ್ತಿತ್ತು. ನನ್ನ ಡಬ್ಬ ಅದನ್ನು ಬರಗಾಲ ಎಂದು ತಿಳಿದಿತ್ತು.

ಕೊಡಗಳು ತುಂಬುತ್ತಿರುವಾಗಲೇ ಬೊಮ್ಮಿಯನ್ನು ಪಕ್ಕಕ್ಕೆ ಕರೆದು ಹೇಳಿದೆ: ತಪ್ಪು ಮಳೆಯದಲ್ಲ, ಬೋರಿನದಲ್ಲ, ನನ್ನದು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು, "ಇಲ್ಲಿ ಪಿಸುಗುಟ್ಟಬ್ಯಾಡ ಅಕ್ಕ. ಎಲ್ಲಾರ ಮುಂದೆ ಯೋಳು." ಹೇಳಿದೆ. ಒಬ್ಬೊಬ್ಬರಾಗಿ ತುಂಬಿದ ಕೊಡ ಎತ್ತಿಕೊಂಡು ಹೊರಟರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಅಂಗಡಿಗೆ ಬಂದು ಆ ಪ್ರೋಗ್ರಾಂ ಅನ್ನು ಮೊದಲ ಸಲ ಸಾಲುಸಾಲಾಗಿ ಓದಿದೆ. ಮಧ್ಯದಲ್ಲಿ ಎಐ ಒಂದು ಟಿಪ್ಪಣಿ ಬರೆದಿತ್ತು: ಕರೆಂಟು ಒಂದೇ ಸಮನಾಗಿ ಬರುತ್ತದೆ ಎಂದುಕೊಂಡು ಇದನ್ನು ಬರೆದಿದೆ, ಸೋಲಾರ್ ಆದರೆ ಬದಲಿಸಬೇಕು. ಅದು ಅಲ್ಲೇ ಇತ್ತು, ಮೊದಲ ದಿನದಿಂದ. ಓದದವಳು ನಾನು. ಸೋಲಾರ್ ಎಂಬ ಮಾತನ್ನೇ ಅದಕ್ಕೆ ಹೇಳಿರಲಿಲ್ಲ. ಹಾಗಾಗಿ ಆ ಸಾಧನವನ್ನು ದೂರಲು ನನಗೆ ಬಾಯಿಲ್ಲ. ಅದಿಲ್ಲದಿದ್ದರೆ ನನ್ನಂಥವಳು ಇಂಥ ಡಬ್ಬ ಮಾಡುತ್ತಲೇ ಇರಲಿಲ್ಲ, ಇನ್ನೂ ಅದನ್ನೇ ಕೇಳುತ್ತೇನೆ. ಆದರೆ ಹಾಡಿಯ ಹೊಗೆ ಅದಕ್ಕೆ ಕಾಣುವುದಿಲ್ಲ. ನೋಡಿಬಂದು ಹೇಳಬೇಕಾದವಳು ನಾನು. ಇನ್ನು ಹವಾಮಾನ? ಅದು ಕೆಟ್ಟಿರುವುದು ಸುಳ್ಳಲ್ಲ. ಆ ಬೆಂಕಿ, ಆ ಬಿಸಿಲು ಸುಳ್ಳಲ್ಲ. ಅದಕ್ಕೇ ಅದರ ಹಿಂದೆ ಬಚ್ಚಿಟ್ಟುಕೊಳ್ಳುವುದು ಅಷ್ಟು ಸಲೀಸಾಯಿತು.

ಮುಂದಿನ ವಾರ ಹೊಸ ಪ್ರೋಗ್ರಾಂ ಹಾಕಿದೆ, ಬಿಸಿಲು ಎಷ್ಟಿದೆ ಎಂದು ನೋಡಿ ತೀರ್ಮಾನಿಸುವ ಹಾಗೆ. ಡಬ್ಬದ ಹೊರಗೆ, ಬೀಗ ಬಿಡಿಸಲು, ಕೀಲಿ ಹಾಕಿ ತಿರುಗಿಸುವ ಒಂದು ಸ್ವಿಚ್ಚು ಇಟ್ಟೆ. ಅದರ ಕೀಲಿ ಬೊಮ್ಮಿಯ ಹತ್ತಿರ ಇದೆ. ಇನ್ನು ಮುಂದೆ ನಾನು ಮಾಡುವ ಯಾವ ಯಂತ್ರದ ಬೀಗವೂ ಆ ನೀರು ಕುಡಿಯುವವರ ಕೈಗೆ ಸಿಗದ ಹಾಗೆ ಇರುವುದಿಲ್ಲ. ಇದು ನಿಮಗೆ ಕೊಡುವ ಮಾತು.

ಕೆಂಪಜ್ಜಿಯ ಕೈ ಕೂಡಿಕೊಂಡಿದೆ, ಆದರೆ ನಲ್ಲಿಯ ನೀರು ಮುಟ್ಟುವುದಿಲ್ಲ. ಇನ್ನೂ ಹಳ್ಳಕ್ಕೇ ಹೋಗುತ್ತಾಳೆ. ಭಾನುವಾರಗಳಲ್ಲಿ ನಾನು ಹೋಗಿ ಅವಳ ಕೊಡ ಹೊರುತ್ತೇನೆ. ಹಳ್ಳದ ದಾರಿಯಲ್ಲಿ ಒಮ್ಮೆ ಕೇಳಿದೆ, ಯಾಕಜ್ಜಿ ಎಂದು.

"ಅಳ್ಳ ಸುಳ್ ಯೋಳಾಕಿಲ್ಲ ಕಣವ್ವ. ಆನೆ ಇದ್ರೆ ಐತೆ ಅಂತದೆ, ನೀರಿದ್ರೆ ಐತೆ ಅಂತದೆ."

ಕೊಡ ತುಂಬಿಕೊಂಡು ದಿಬ್ಬ ಹತ್ತುವಾಗ ಅವಳೇ ಮಾತು ತೆಗೆದಳು. "ನಿಂಗೆ ಕೆಲ್ಸ ಕಲ್ಸಿದ್ದು ಯಾರು?"

ಹುಣಸೂರಿನ ಒಬ್ಬ ಸಾಬರು, ತೀರಿಕೊಂಡರು ಎಂದೆ. ಅವರು ಹೇಳಿದ ಮಾತು ಕೇಳದೆ ಹೀಗಾಯಿತು, ಅವರ ಕಾಲ ಮುಗಿಯಿತು ಎಂದುಬಿಟ್ಟಿದ್ದೆ ಎಂದೂ ಹೇಳಿದೆ. ಯಾರಿಗೂ ಹೇಳಿರದದ್ದನ್ನು ಅವಳಿಗೆ ಯಾಕೆ ಹೇಳಿದೆನೋ.

"ತಪ್ಪಾಯ್ತು ಅಂತ ಅವ್ರಿಗೆ ಯೋಳ್ದಾ?"

"ತೀರ್ಕೊಂಡಿದ್ದಾರೆ ಅಜ್ಜಿ."

"ಅದ್ ಗೊತ್ತಾಯ್ತು. ಯೋಳ್ದಾ ಅಂದೆ."

ತಪ್ಪಾಯಿತು, ಉಸ್ತಾದ್. ಈ ಭಾನುವಾರ ಮತ್ತೆ ಹೋಗುತ್ತೇನೆ. ಅವಳು ಕೇಳೇ ಕೇಳುತ್ತಾಳೆ. ಹೇಳಿದೆ ಅನ್ನುತ್ತೇನೆ.

ನಿಮ್ಮ,
ಶೋಭಾ